ಅಲುಗಾಡದ ಸಮುದ್ರ

ತಂಗಿ ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪದೇಶ ಮಾಲ್ಟಾದಲ್ಲಿ ನರ್ಸ್. ಹೋದ ಫೆಬ್ರವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಅವಳ ಮನೆಗೆ ಹೋಗಿದ್ದೆ. ಒಂದು ಮಂಗಳವಾರ ಅವಳಿಗೆ ಡ್ಯೂಟಿ. "ಮನೇಲಿ ಕೂತು ಎಂತ ಮಾಡ್ತೀರಿ? ಬಸ್ ಹತ್ತಿ ಮಾರ್ಸಾಶ್ಲೊಕ್‌ಗೆ ಹೋಗಿ ಬನ್ನಿ. ಮೀನುಗಾರರ ಊರು, ಮೀನು ಮಾರ್ಕೆಟ್ ಇದೆ" ಅಂದಳು. ಅಮ್ಮ ಹೊನ್ನಾವರದ ಕಾಸರಕೋಡಿನವಳು. ಮೀನು ಮಾರ್ಕೆಟ್ ಅಂದದ್ದೇ ತಡ, ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ರಾಜಧಾನಿ ವಾಲೆಟ್ಟಾದ ಕೋಟೆ ಬಾಗಿಲಿನ ಹೊರಗೇ ಬಸ್ ಸ್ಟ್ಯಾಂಡ್. ಹೋಗಬೇಕಾದ ಊರಿನ ಹೆಸರಲ್ಲಿ ಒಂದು 'ಎಕ್ಸ್' ಇದೆ. ಬೋರ್ಡು ನೋಡಿ ನಾನು "ಮಾರ್ಸಾಕ್ಸ್‌ಲಾಕ್" ಅಂದೆ. ಡ್ರೈವರ್ ತಿದ್ದಲು ಹೋಗಲಿಲ್ಲ, ಸುಮ್ನೆ ಟಿಕೆಟ್ ಕೊಟ್ಟ. ಮಾಲ್ಟೀಸ್ ಭಾಷೆಯ ಬೇರು ಅರಬ್ಬಿ, ಬರೆಯುವುದು ಮಾತ್ರ ರೋಮನ್ ಅಕ್ಷರದಲ್ಲಿ. ಅಲ್ಲಿ 'ಎಕ್ಸ್' ಅಂದರೆ 'ಶ'. ಮಾರ್ಸಾ ಅಂದರೆ ಬಂದರು, ಶ್ಲೊಕ್ ಅಂದರೆ ಆಗ್ನೇಯ ದಿಕ್ಕಿನಿಂದ ಬೀಸುವ ಗಾಳಿ.

ಹತ್ತು ಕಿಲೋಮೀಟರ್ ಚಿಲ್ಲರೆ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. 1964ರವರೆಗೆ ಬ್ರಿಟಿಷರ ಆಳ್ವಿಕೆ ಇದ್ದದ್ದರಿಂದ ಬಸ್ಸು ನಮ್ಮಲ್ಲಿಯಂತೆ ರಸ್ತೆಯ ಎಡಗಡೆಯೇ ಓಡುತ್ತದೆ. ಊರುಗಳೆಲ್ಲ ಬೆಲ್ಲದ ಬಣ್ಣದ ಕಲ್ಲಿನವು. ಕೊನೆಗೆ ಒಂದು ಇಳಿಜಾರು, ಕೆಳಗೆ ನೀಲಿ ನೀರು.

ಮಾರ್ಕೆಟ್ ಇರಲಿಲ್ಲ. ದೊಡ್ಡ ಮೀನು ಸಂತೆ ನಡೆಯುವುದು ಭಾನುವಾರವಂತೆ. ತಂಗಿ ಹೇಳಲಿಲ್ಲ, ನಾನೂ ಕೇಳಿರಲಿಲ್ಲ. ಮೇಜಿನ ಹಾಸು ಮಾರುವ ನಾಲ್ಕು ಅಂಗಡಿ, ಬಿಸಿಲಿಗೆ ಮೈಚಾಚಿದ ಬೆಕ್ಕುಗಳು, ಅಷ್ಟೇ. ಅಮ್ಮ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ದಂಡೆಯ ಅಂಚಿಗೆ ಹೋಗಿ ಬಗ್ಗಿ ನೋಡಿದಳು.

"ಇದೆಂತಾ ಸಮುದ್ರ, ತಮಾ? ಕೆರೆ ಇದ್ದಂಗೆ ಇದೆ."

ನಿಜಕ್ಕೂ ಅಲೆಯ ಸದ್ದೇ ಇರಲಿಲ್ಲ. ಮನೆಗಳಿಂದ ಹತ್ತು ಹೆಜ್ಜೆ ಇಟ್ಟರೆ ನೀರು. ನಮ್ಮ ಕಡೆ ಹೀಗೆ ಕಟ್ಟಿದರೆ ಭರತ ಬಂದಾಗ ಅಡುಗೆಮನೆಗೇ ನೀರು ಬಂದೀತು. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ನಡುವೆ ಒಂದೂವರೆ ಮೀಟರ್ ಆಸುಪಾಸು ವ್ಯತ್ಯಾಸ. ಇಲ್ಲಿ ಹೆಚ್ಚೆಂದರೆ ಒಂದು ಗೇಣು. ಮೆಡಿಟರೇನಿಯನ್ ಸುತ್ತ ನೆಲ ಮುಚ್ಚಿಕೊಂಡ ಸಮುದ್ರ. ಜಿಬ್ರಾಲ್ಟರ್‌ನ ಸಣ್ಣ ಬಾಯಿ ದಾಟಿ ಸಾಗರದ ಉಬ್ಬರ ಒಳಗೆ ಬರುವುದೇ ಕಡಿಮೆ. ಇದನ್ನೆಲ್ಲ ಹೇಳಿದೆ. "ಭರತ ಇಲ್ಲದಿದ್ದರೆ ದೋಣಿ ಬಿಡುವ ಹೊತ್ತು ಹೆಂಗೆ ಗೊತ್ತಾಗ್ತದೆ?" ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ದೋಣಿಗಳನ್ನು ಮಾತ್ರ ಒಪ್ಪಿಕೊಂಡಳು. ಲುತ್ಸು ಅಂತ ಹೆಸರು. ಹಳದಿ, ಕೆಂಪು, ಹಸಿರು, ನೀಲಿ ಪಟ್ಟೆ. ಮೂತಿಯ ಎರಡೂ ಕಡೆ ಒಂದೊಂದು ಕಣ್ಣು. ಹಿಂದಿನ ಕಾಲದ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರ ಕಾಲದಿಂದ ಬಂದ ಪದ್ಧತಿ ಅನ್ನುತ್ತಾರೆ, ಕೆಡುಕಿನಿಂದ ಕಾಯಲಿ ಅಂತ. "ದೃಷ್ಟಿಗೆ" ಅಂದಳು ಅಮ್ಮ. ನಾನು ಅರ್ಧ ಗಂಟೆ ಫೋನಿನಲ್ಲಿ ಓದಿದ್ದನ್ನು ಒಂದೇ ಪದದಲ್ಲಿ ಮುಗಿಸಿಬಿಟ್ಟಳು.

ಸ್ವಲ್ಪ ದೂರದಲ್ಲಿ ಮುದುಕನೊಬ್ಬ ಕಿತ್ತಳೆ ಬಣ್ಣದ ಬಲೆ ಹರಡಿಕೊಂಡು ಹರಿದ ಕಡೆ ಹೆಣೆಯುತ್ತಿದ್ದ. ಅಮ್ಮ ಹೋಗಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ನನಗೆ ಮುಜುಗರ. ಅವನು ಏನೋ ಹೇಳಿದ, ಇವಳು ಕನ್ನಡದಲ್ಲೇ ಏನೋ ಹೇಳಿದಳು. ಬಲೆಯ ಕಣ್ಣಿನೊಳಗೆ ಎರಡು ಬೆರಳು ತೂರಿಸಿ ಅಳತೆ ನೋಡಿದಳು. ಅವನು ನಗುತ್ತಾ ದಾರ ಸುತ್ತಿದ ಸೂಜಿಯನ್ನು ಅವಳ ಕೈಗೆ ಕೊಟ್ಟ. ಇವಳು ಎರಡು ಗಂಟು ಹಾಕಿ ತೋರಿಸಿದಳು. ಅವನು ನೋಡಿ, ಎಳೆದು, ತಲೆಯಾಡಿಸಿ, ಒಂದನ್ನು ಬಿಚ್ಚಿದ! ಅಮ್ಮನಿಗೆ ಸಿಟ್ಟು ಬರಲಿಲ್ಲ. "ಅವನ ಬಲೆ, ಅವನಿಗೆ ಗೊತ್ತು" ಅಂದಳು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಟ್ಟ ಮೀನು, ಎಣ್ಣೆ, ನಿಂಬೆ. ಮೀನು ತಾಜಾ ಇತ್ತು, ಖಾರ ಇರಲಿಲ್ಲ.

ಊಟದ ಹೊತ್ತಿಗೆ ಇನ್ನೊಂದು ಕಥೆ ಹೇಳಿದೆ. 1989ರ ಡಿಸೆಂಬರ್ 2 ಮತ್ತು 3ರಂದು ಅಮೆರಿಕದ ಅಧ್ಯಕ್ಷ ಬುಷ್, ಸೋವಿಯತ್ ರಷ್ಯಾದ ನಾಯಕ ಗೋರ್ಬಚೆವ್ ಭೇಟಿಯಾದದ್ದು ಇದೇ ಕೊಲ್ಲಿಯಲ್ಲಿ. ಯುದ್ಧನೌಕೆಗಳ ಮೇಲೆ ಮಾತುಕತೆ ಅಂತ ಠರಾವಾಗಿತ್ತು. ಜೋರು ಗಾಳಿ, ಅಲೆ ಎದ್ದು ಹಡಗಿನಿಂದ ಹಡಗಿಗೆ ಹೋಗುವುದೇ ಕಷ್ಟವಾಯಿತು. ಮೊದಲ ದಿನ ಬುಷ್ ತನ್ನ ಹಡಗಿನಲ್ಲೇ ಸಿಕ್ಕಿಹಾಕಿಕೊಂಡ. ಕೊನೆಗೆ ಮಾತುಕತೆ ನಡೆದದ್ದು ದಂಡೆಗೆ ಕಟ್ಟಿದ್ದ ರಷ್ಯಾದ ಪ್ರಯಾಣಿಕರ ಹಡಗಿನಲ್ಲಿ. ಶೀತಲ ಸಮರ ಮುಗಿಯಿತು ಅನ್ನುವಾಗ ಈ ಭೇಟಿಯ ಹೆಸರು ಬರುತ್ತದೆ. ಅಮ್ಮನಿಗೆ ಹಿಡಿಸಿದ್ದು ಗಾಳಿಯ ಭಾಗ. "ಹಂಗಾದ್ರೆ ಏಳ್ತದೆ ಇದು" ಅಂದು ಕಿಟಕಿಯಾಚೆ ಇನ್ನೊಮ್ಮೆ ನೋಡಿದಳು.

ವಾಪಸು ಬರುವಾಗ ಬಸ್ಸು ನಮ್ಮ ಮುಂದೆಯೇ ಹೋಯಿತು, ನಿಲ್ಲಿಸಲೇ ಇಲ್ಲ. ಸ್ಟಾಪಿನಲ್ಲಿ ನಿಂತರೆ ಸಾಲದು, ಕೈ ತೋರಿಸಬೇಕಂತೆ. ಪಕ್ಕದ ಅಜ್ಜಿ ಬಸ್ಸು ಹೋದ ಮೇಲೆ ಹೇಳಿದಳು. ಇನ್ನೊಂದಕ್ಕೆ ಅರ್ಧ ಗಂಟೆ ಕಾಯಬೇಕಿತ್ತು. ಅಮ್ಮ ದಂಡೆಗೆ ವಾಪಸು ಹೋಗಿ, ದೋಣಿ ಎಳೆಯುವ ಇಳಿಜಾರಿನಲ್ಲಿ ಮೆಲ್ಲಗೆ ಇಳಿದು, ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು.

"ನಮ್ಮದಕ್ಕಿಂತ ಉಪ್ಪು ಜಾಸ್ತಿ."

ರಾತ್ರಿ ನೋಡಿದೆ. ಸಾಧಾರಣವಾಗಿ ಸಾಗರದ ನೀರಿನಲ್ಲಿ ಕಿಲೋಗೆ 35 ಗ್ರಾಂ ಉಪ್ಪು, ಇಲ್ಲಿ 38ರ ಹತ್ತಿರ. ನದಿ, ಮಳೆ ಕೊಡುವುದಕ್ಕಿಂತ ಬಿಸಿಲು ಎಳೆದುಕೊಳ್ಳುವ ನೀರೇ ಜಾಸ್ತಿ.

ಮುಂದಿನ ಬಸ್ಸು ತಿರುವಿನಲ್ಲಿ ಕಾಣಿಸಿದಾಗ ನಾನು ಕೈ ಎತ್ತುವ ಮೊದಲೇ ಅಮ್ಮ ಎರಡೂ ಕೈ ಎತ್ತಿದ್ದಳು.