ಖುಜಂದ್‌ನ ಅಂಗಳದಲ್ಲಿ ರಾತ್ರಿಯಿಡೀ ಕುದ್ದ ಸುಮನಕ್

ತಜಿಕಿಸ್ತಾನದ ರಾಜಧಾನಿ ದುಶಾನ್ಬೆ ಬಗ್ಗೆ ಬರೆಯೋಕೆ ಜಾಸ್ತಿ ಏನಿಲ್ಲ, ಅಗಲ ರಸ್ತೆ, ಹೊಸ ಹೊಸ ಬಿಲ್ಡಿಂಗು, ನಂಗೆ ಅಂಥದ್ದೆಲ್ಲ ಅಷ್ಟಕ್ಕಷ್ಟೇ. ಶೇರ್ ಟ್ಯಾಕ್ಸಿ ಹಿಡಿದು ಬೆಟ್ಟ, ಸುರಂಗ ಎಲ್ಲಾ ದಾಟಿ ಖುಜಂದ್ ಮುಟ್ಟಿದಾಗ ಮಾರ್ಚ್ 20ರ ಸಂಜೆ, ಮಾರನೇ ದಿನ ನವ್ರೂಜ್, ಅಲ್ಲಿನ ಹೊಸ ವರ್ಷದ ಹಬ್ಬ. ಉಳ್ಕೊಂಡಿದ್ದ ಮನೆ ಅಂಗಳದಲ್ಲಿ ಆಗ್ಲೇ ದೊಡ್ಡ ಕಡಾಯಿ ಒಲೆ ಮೇಲೆ ಕೂತಿತ್ತು, ಸುತ್ತ ಬೀದಿಯ ಹೆಂಗಸರೆಲ್ಲಾ.

ಸುಮನಕ್ ಅಂದ್ರೆ ಮೊಳಕೆ ಗೋಧಿ ಅರೆದು ಹಾಲು ಹಿಂಡಿ, ಅದಕ್ಕೆ ಹಿಟ್ಟು ನೀರು ಸೇರಿಸಿ ಬೆಳಗಿನವರೆಗೂ ತಿರುವ್ತಾನೇ ಇರೋದು. ಚಿಟಿಕೆ ಸಕ್ಕರೆನೂ ಹಾಕಲ್ಲ, ಮೊಳಕೆಯೊಳಗಿನ ಎಂಜೈಮೇ ಹಿಟ್ಟಿನ ಪಿಷ್ಟನ ಸಿಹಿ ಮಾಡುತ್ತೆ. ತಳ ಹಿಡೀಬಾರ್ದು ಅಂತ ತೊಳೆದ ಸಣ್ಣ ಕಲ್ಲು ಹಾಕಿರ್ತಾರೆ, ಉದ್ದ ಹಿಡಿಯ ಸೌಟು ಆಡಿಸಿದಾಗೆಲ್ಲಾ ಒಳಗಡೆ ಗರಗರ. ಒಬ್ರಿಗೆ ಕೈ ಸೋತ್ರೆ ಇನ್ನೊಬ್ರು, ಮಧ್ಯೆ ಹಾಡು, ಕಂಜಿರದಂಥ ದೋಯ್ರಾ ಬಡಿತ, ಹಸಿರು ಟೀ. ಬೆಳಿಗ್ಗೆ ನೋಡಿದ್ರೆ ಕಂದು ಬಣ್ಣ, ಥೇಟ್ ಜೋನಿ ಬೆಲ್ಲದ ಹದ.

ಮನೆಯ ಅಜ್ಜಿ ಬಟ್ಟಲುಗಳಿಗೆ ಬಡಿಸ್ತಾ ಕೂತ್ರು. ಸೊಸೆ ನಡುವೆ ನಿಂತು ಇಂಗ್ಲಿಷಲ್ಲಿ ಅನುವಾದ ಮಾಡ್ತಿದ್ಲು.

"ಎಷ್ಟು ಮನೆಗೆ ಕೊಡ್ತೀರಾ ಬೀಬಿ?"

"ಘಮ ಎಲ್ಲಿವರೆಗೆ ಹೋಗಿದ್ಯೋ ಅಲ್ಲಿವರೆಗೆ."

ಮೊದಲ ಬಟ್ಟಲು ಎದುರು ಮನೆಗೆ. ಸೊಸೆ ಮುಖ ಸಿಂಡರಿಸಿದ್ಲು, ಕಾಂಪೌಂಡ್ ವಿಷ್ಯಕ್ಕೆ ಆ ಮನೆಯವ್ರ ಜೊತೆ ಮಾತು ಬಿಟ್ಟು ವರ್ಷ ಆಯ್ತಂತೆ. ಅಜ್ಜಿನ ಕೇಳಿದ್ದಕ್ಕೆ, "ಜಗಳ ಗೋಡೇದು, ಸುಮನಕ್‌ದಲ್ಲ. ಗೋಡೆ ವಿಷ್ಯ ಹಬ್ಬ ಆದ್ಮೇಲೆ ಮಾತಾಡ್ತೀನಿ, ಬಿಡಲ್ಲ."

ಬಟ್ಟಲು ಹಿಡ್ಕೊಂಡು ಹೋಗಿದ್ದು ನಾನೇ. ಬಾಗಿಲು ತೆಗೆದ ಮುದುಕ ಎದೆ ಮೇಲೆ ಕೈಯಿಟ್ಟು ಇಸ್ಕೊಂಡು ಒಳಗೆ ಹೋದ, ಎಷ್ಟೊತ್ತಾದ್ರೂ ಬರ್ಲಿಲ್ಲ. ಬಂದಾಗ ಅದೇ ಬಟ್ಟಲು ತುಂಬ ಒಣ ಏಪ್ರಿಕಾಟು, ಮೇಲೊಂದು ಬಿಸಿ ನಾನ್. ಅಜ್ಜಿ ನೋಡಿ, "ಹೋದ್ ವರ್ಷ ಬಾದಾಮಿನೂ ಇತ್ತು" ಅಂದ್ರು.

ಮಧ್ಯಾಹ್ನ ಪಲಾವ್ ಆಯ್ತು. 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಓಶಿ ಪಲಾವ್ ಅಂತ ಎಲ್ರೂ ಹೊಗಳೋದೇ ಹೊಗಳೋದು, ನಂಗೆ ಕೊಬ್ಬು ಜಾಸ್ತಿ ಅನ್ನಿಸ್ತು, ಹಳದಿ ಕ್ಯಾರೆಟ್ ಆರಿಸಿ ತಿಂದೆ. ಸುಮನಕ್ ಮಾತ್ರ ಮೂರು ಸಲ ಹಾಕಿಸ್ಕೊಂಡೆ, ಒಂದ್ಸಲ ಕಲ್ಲು ಸಿಕ್ತು, ಸಿಕ್ಕಿದವ್ರು ಏನಾದ್ರೂ ಬೇಡ್ಕೋಬೇಕಂತೆ.

ವಾಪಸ್ ಬರೋರಿಗೆ ಒಂದು ಮಾತು: ಸುಮನಕ್ ಬಾಟ್ಲಿನ ಚೆಕ್-ಇನ್ ಬ್ಯಾಗಲ್ಲೇ ಇಡಿ. ಅಜ್ಜಿ ಅಮ್ಮನಿಗೆ ಅಂತ ಕಟ್ಟಿಕೊಟ್ಟಿದ್ದನ್ನ ಏರ್‌ಪೋರ್ಟ್ ಸೆಕ್ಯುರಿಟಿಯವ್ನು ಲಿಕ್ವಿಡ್ ಅಂತ ಕಸದ ಬುಟ್ಟಿಗೆ ಹಾಕ್ದ. ಸೌಟು ನಿಲ್ಲೋಷ್ಟು ಗಟ್ಟಿ ಇತ್ತು ಕಣ್ರೀ, ಎಲ್ಲಿಯ ಲಿಕ್ವಿಡ್!