ಅನಮೋಡ ಘಟ್ಟ ಇಳಿದು ಅಂಜುನಾಕ್ಕೆ

1976ರ ಡಿಸೆಂಬರಿನಲ್ಲಿ ನಮ್ಮ ಹಾಸ್ಟೆಲಿನಲ್ಲಿ ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ. ತುರ್ತುಪರಿಸ್ಥಿತಿ ಬಂದು ಒಂದೂವರೆ ವರ್ಷವಾಗಿತ್ತು. ನಮಗಿಂತ ಹಿರಿಯರಾದ ಕೆಲವರನ್ನು ಹಿಡಿದುಕೊಂಡು ಹೋಗಿದ್ದರು. ಕವಿಗಳೂ ಗವಾಯಿಗಳೂ ತುಂಬಿದ್ದ ಧಾರವಾಡ, ಹರಟೆಯೆಂದರೆ ಊಟ ಮರೆಯುವ ಊರು, ಮಾತು ನುಂಗಿಕೊಂಡು ಕುಳಿತಿತ್ತು. ಆ ದಿನಗಳಲ್ಲಿ ನಾವು ನಾಲ್ವರು ಗೆಳೆಯರು ಎರಡು ಹಳೆಯ ಜಾವಾ ಮೋಟಾರ್ ಸೈಕಲ್ ಹತ್ತಿ ಗೋವೆಗೆ ಹೊರಟೆವು. ಮನೆಯಲ್ಲಿ ಹೇಳಿದ್ದು ಮಂಗೇಶಿ ದೇವಸ್ಥಾನ, ಹಳೆಯ ಗೋವೆಯ ಚರ್ಚುಗಳು. ನೋಡಬೇಕಾಗಿದ್ದದ್ದು ಹಿಪ್ಪಿಗಳನ್ನು, ಮನೆ, ಕೆಲಸ ಬಿಟ್ಟು ಅಲೆಯಲು ಬಂದಿದ್ದ ಪಶ್ಚಿಮದ ಯುವಜನರನ್ನು.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಆ ಜಾವಾದ ಸೊಗಸು ಓಡಿಸಿದವರಿಗೇ ಗೊತ್ತು. ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಒದ್ದರೆ ಎಂಜಿನ್ ಶುರು, ಮತ್ತೆ ಕೆಳಗಿಳಿಸಿದರೆ ಅದೇ ಗೇರು. ಪೆಟ್ರೋಲಿಗೆ ಆಯಿಲ್ ಬೆರೆಸಿ, ಚಳಿ ತಡೆಯಲು ಅಂಗಿಯೊಳಗೆ ಎದೆಗೆ ಹಳೆಯ ಪತ್ರಿಕೆ ಹೊದೆದು, ಬೆಳಕು ಹರಿಯುವ ಮೊದಲೇ ಅಳ್ನಾವರದ ದಾರಿ ಹಿಡಿದೆವು. ಲೋಂಡಾ, ರಾಮನಗರ ದಾಟಿ ಅನಮೋಡ ಘಟ್ಟ ಇಳಿಯತೊಡಗಿದಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು. ಒಬ್ಬೊಬ್ಬರಾಗಿ ಪತ್ರಿಕೆಗಳನ್ನು ಎಳೆದು ತೆಗೆದೆವು. ಘಟ್ಟದ ತಿರುವುಗಳಲ್ಲಿ ನಾವು ಕಿರುಚಿದ ಕಿರುಚಾಟ ಈಗಲೂ ನನ್ನ ಕಿವಿಯಲ್ಲಿದೆ. ಎಷ್ಟೋ ತಿಂಗಳುಗಳಿಂದ ಗಂಟಲಲ್ಲೇ ಕಟ್ಟಿಹೋಗಿದ್ದ ದನಿ ಅದು.

ಪಣಜಿಯಲ್ಲಿ ಮಾಂಡವಿ ಸೇತುವೆ ದಾಟಿ, ಮಾಪುಸಾದ ಮೇಲೆ ಹಾದು ಅಂಜುನಾ ಸೇರಿದೆವು. ಪೋರ್ಚುಗೀಸರು ಹೋಗಿ ಆಗಿನ್ನೂ ಹದಿನೈದೇ ವರ್ಷ. ಕೆಂಪು ಮಣ್ಣಿನ ದಾರಿ, ತೆಂಗಿನ ತೋಪು, ತೋಪಿನ ಅಂಚಿನಲ್ಲಿ ಒಂದು ಫೋಕ್ಸ್‌ವ್ಯಾಗನ್ ವ್ಯಾನು. ಅದರ ಮೈತುಂಬ ಕಿತ್ತಳೆ, ನೇರಳೆ, ಹಸಿರು ಬಣ್ಣಗಳು ಒಂದರೊಳಗೊಂದು ಸುಳಿಸುತ್ತಿಕೊಂಡಿದ್ದವು. ಸೈಕೆಡೆಲಿಕ್ ಎಂಬ ಕಲೆಯನ್ನು ನಾನು ಮೊದಲು ಕಂಡದ್ದು ಹೀಗೆ, ತಗಡಿನ ಮೇಲೆ. ಬಾಗಿಲಿನ ಮೇಲೆ ಒಂದು ನಕ್ಷೆ: ಆಮ್‌ಸ್ಟರ್‌ಡ್ಯಾಮಿನಿಂದ ಇಸ್ತಾಂಬುಲ್, ಟೆಹರಾನ್, ಮಶಾದ್, ಹೆರಾತ್, ಕಂದಹಾರ, ಕಾಬೂಲ್, ಪೇಶಾವರ, ಲಾಹೋರ್. ವ್ಯಾನಿನ ಒಡೆಯ ಡಚ್ ಮೇಷ್ಟರು, ಕೆಲಸ ಬಿಟ್ಟು ಬಂದವರು. ಕಾಬೂಲ್‌ನಿಂದ ಕಂದಹಾರಕ್ಕೆ ಅಮೆರಿಕದವರು ಹಾಕಿಸಿದ ರಸ್ತೆ, ಅಲ್ಲಿಂದ ಹೆರಾತ್‌ಗೆ ರಷ್ಯದವರು ಹಾಕಿಸಿದ ಕಾಂಕ್ರೀಟ್ ರಸ್ತೆ, ಎರಡರ ಮೇಲೂ ತಮ್ಮ ವ್ಯಾನು ತಕರಾರಿಲ್ಲದೆ ಓಡಿತು ಎಂದು ಅವರು ಬೆರಳಿಟ್ಟು ತೋರಿಸಿದರು. ಶಾಲೆಯಲ್ಲಿ ಪರೀಕ್ಷೆಗೆಂದು ಕಲಿತ ಭೂಗೋಳ ನಮಗೆ ಅರ್ಥವಾದದ್ದು ಆ ಬಾಗಿಲ ಮುಂದೆ.

ಬುಧವಾರ ಸಂತೆ. ಊರಿಗೆ ಮರಳಲು ಹಣವಿಲ್ಲದವರು ಜೀನ್ಸ್, ಕ್ಯಾಮೆರಾ, ಕ್ಯಾಸೆಟ್ಟುಗಳನ್ನು ಚಾದರದ ಮೇಲೆ ಹರಡಿ ಮಾರುತ್ತಿದ್ದರು. ಅವರ ನಡುವೆಯೇ ಕನ್ನಡಿ ಕಸೂತಿಯ ಚೀಲ ಹಿಡಿದ ಲಂಬಾಣಿ ಹೆಂಗಸರು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಒಬ್ಬಾಕೆ, "ಯಾವ ಊರಪ್ಪ ನಿಮ್ಮದು?" ಎಂದು ಕನ್ನಡದಲ್ಲೇ ಕೇಳಿದರು. ಗದಗದ ಕಡೆಯ ತಾಂಡಾದವರು, ಬರಗಾಲದಲ್ಲಿ ಊರು ಬಿಟ್ಟವರು. ಹಿಪ್ಪಿಗಳ ಕಥೆ ಹೇಳುವವರು ಈ ತಾಯಂದಿರನ್ನು ಮರೆಯುತ್ತಾರೆ. ಹೊಟ್ಟೆಪಾಡಿಗೆ ದಾರಿ ಹಿಡಿದವರೂ ದಾರಿಹೋಕರೇ ಅಲ್ಲವೇ?

ಅಲ್ಲಿ ನಮಗೆ ಹತ್ತಿರವಾದವನು ಒಬ್ಬ ಅಮೆರಿಕನ್ ಯುವಕ. ವಿಯೆಟ್ನಾಂ ಯುದ್ಧಕ್ಕೆ ಸೇರಲು ಸರ್ಕಾರದಿಂದ ಕರೆ ಬಂದಾಗ ಹೋಗಲಿಲ್ಲ, ದೇಶ ಬಿಟ್ಟ. ಯುದ್ಧ 1975ರಲ್ಲೇ ಮುಗಿದಿತ್ತು. ಆದರೂ ಮರಳಿದರೆ ಜೈಲು. ಸಂಜೆ ಮರಳಿನ ಮೇಲೆ ಕುಳಿತು ತನ್ನ ದೇಶದ ಅಧ್ಯಕ್ಷರುಗಳನ್ನು ಹೆಸರು ಹಿಡಿದು ಟೀಕಿಸುತ್ತಿದ್ದ. ನಮ್ಮಲ್ಲೊಬ್ಬ ಥಟ್ಟನೆ ಹಿಂದೆ ತಿರುಗಿ ನೋಡಿದ, ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು. ಆ ಒಂದು ನೋಟದಲ್ಲಿ ನಮ್ಮ ಸ್ಥಿತಿ ಏನೆಂದು ನಮಗೇ ತಿಳಿಯಿತು. ಬೇಡ ಎನ್ನುವುದಕ್ಕೆ ಧೈರ್ಯ ಬೇಕು, ಅದಕ್ಕೆ ತೆರಬೇಕಾದ ಬೆಲೆಯೂ ಇದೆ ಎಂಬುದನ್ನು ಯಾವ ಪಠ್ಯವೂ ನನಗೆ ಅಷ್ಟು ಹತ್ತಿರದಿಂದ ಕಲಿಸಲಿಲ್ಲ.

ಅಮಲಿನ ಮಾತನ್ನು ಬಿಟ್ಟು ಬರೆದರೆ ಸುಳ್ಳು ಬರೆದಂತೆ. 1973ರಲ್ಲಿ ನೇಪಾಳ ಗಾಂಜಾ ಅಂಗಡಿಗಳನ್ನು ಮುಚ್ಚಿಸಿದ ಮೇಲೆ ಕಠ್ಮಂಡುವಿನಿಂದ ಹಲವರು ಇತ್ತ ಬಂದಿದ್ದರು. ಎಲ್‌ಎಸ್‌ಡಿ ಎಂಬ, ಭ್ರಮೆ ಹುಟ್ಟಿಸುವ ಮಾದಕವಸ್ತು ಕೂಡ ಇತ್ತು. ಸ್ವಿಸ್ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಅದರ ಪರಿಣಾಮವನ್ನು 1943ರಲ್ಲಿ ತಮ್ಮ ಮೇಲೆಯೇ ಕಂಡುಕೊಂಡದ್ದನ್ನು ನಮ್ಮ ರಸಾಯನಶಾಸ್ತ್ರದ ಗೆಳೆಯ ಹೇಳಿದ. ಕೆಲವರು ಅದರಲ್ಲಿ ದೇವರನ್ನು ಕಂಡೆವು ಎಂದರು. ನಾನು ಕಂಡದ್ದು ತೆಂಗಿನ ಬುಡಕ್ಕೆ ಒರಗಿ ಕುಳಿತ ಒಬ್ಬ ಹುಡುಗಿಯನ್ನು. ಕಣ್ಣು ತೆರೆದಿದ್ದವು, ನೋಟವಿರಲಿಲ್ಲ. ಮನೆಯೊಡತಿ ಗೋವೆಯ ಅಜ್ಜಿ ಆಕೆಯ ಗಲ್ಲ ಹಿಡಿದು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು, ಹೊರಬಂದದ್ದನ್ನು ಸೆರಗಿನಿಂದ ಒರೆಸಿ ಮತ್ತೆ ಕುಡಿಸುತ್ತಿದ್ದರು. ಆಕೆಯ ತಂದೆತಾಯಿಗೆ ಯಾರಾದರೂ ಪತ್ರ ಬರೆದಿದ್ದಾರೆಯೇ ಎಂದು ಕೇಳಿದೆವು. ಯಾರಿಗೂ ವಿಳಾಸ ಗೊತ್ತಿರಲಿಲ್ಲ. ಆ ಕಾಲವನ್ನು ಪ್ರೀತಿಯಿಂದ ನೆನೆಯುತ್ತೇನೆ, ಆದರೆ ಆ ಹುಡುಗಿಯನ್ನು ಬಿಟ್ಟು ನೆನೆಯಲಾರೆ.

ನಾವು ಮರಳಿದ ಮೇಲೆ 1977ರ ಜನವರಿ 18ರಂದು ಇಂದಿರಾ ಗಾಂಧಿಯವರು ಚುನಾವಣೆ ಘೋಷಿಸಿದರು. ಜನವರಿ 21ರಂದು, ಅಧಿಕಾರ ವಹಿಸಿಕೊಂಡ ಮರುದಿನವೇ, ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸೈನ್ಯದ ಕರೆಗೆ ಓಗೊಡದವರಿಗೆ ಕ್ಷಮಾದಾನ ನೀಡಿದರು. ಹಾಸ್ಟೆಲಿನ ವಾಚನಾಲಯದಲ್ಲಿ ಆ ಸುದ್ದಿ ಓದಿ ನಾವು ಕುಣಿದದ್ದನ್ನು ಕಂಡ ಉಳಿದ ಹುಡುಗರಿಗೆ ಅಮೆರಿಕಕ್ಕೂ ನಮಗೂ ಏನು ನಂಟು ಎಂದು ಬಗೆಹರಿಯಲಿಲ್ಲ. ಮಾರ್ಚಿನಲ್ಲಿ ತುರ್ತುಪರಿಸ್ಥಿತಿಯೂ ಹೋಯಿತು.

ಹಿಪ್ಪಿಗಳು ಯುರೋಪಿನಿಂದ ಬರುತ್ತಿದ್ದ ಆ ನೆಲದ ಹಾದಿ ಮಾತ್ರ ಉಳಿಯಲಿಲ್ಲ. 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ. ಬಾಗಿಲಿನ ಮೇಲಿನ ಆ ನಕ್ಷೆ ನಡುವೆಯೇ ತುಂಡಾಯಿತು. ನಿವೃತ್ತನಾದ ಮೇಲೆ ಮಗಳೊಡನೆ ಇಸ್ತಾಂಬುಲ್‌ಗೆ ಹೋದಾಗ, ಸುಲ್ತಾನಹ್ಮೆತ್‌ನ 'ಪುಡಿಂಗ್ ಶಾಪ್'ನಲ್ಲಿ ಕುಳಿತು ಹಾಲಿನ ಪಾಯಸ ತಿಂದೆ. 1957ರಲ್ಲಿ ಆರಂಭವಾದ ಆ ಹೋಟೆಲಿನ ಗೋಡೆಯ ಫಲಕದಲ್ಲಿ "ಕಾಬೂಲಿಗೆ ಹೊರಟಿದ್ದೇವೆ, ಜೊತೆಗೆ ಬರುವವರು ಬನ್ನಿ" ಎಂಬಂಥ ಚೀಟಿಗಳನ್ನು ಅಂಟಿಸುತ್ತಿದ್ದರಂತೆ. ಇಂದಿನ ನಮ್ಮ ವಿದ್ಯಾರ್ಥಿಗಳಿಗೆ ವಿಮಾನವಿದೆ, ಮೊಬೈಲ್ ಇದೆ. ಆದರೆ ಹುಬ್ಬಳ್ಳಿಯಿಂದ ಇಸ್ತಾಂಬುಲ್‌ವರೆಗೆ ನೆಲದ ಮೇಲೆ ನಿರಾತಂಕವಾಗಿ ಹೋಗುವ ಹಾದಿ ಇಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ನಮ್ಮ ನಾಲ್ವರಲ್ಲಿ ಒಬ್ಬ ಈಗಿಲ್ಲ. ಇನ್ನೊಬ್ಬನ ಬಳಿ ಆಗ ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು, ವ್ಯಾನಿನ ಮುಂದೆ ನಿಲ್ಲಿಸಿ ನಮ್ಮ ಚಿತ್ರ ತೆಗೆದಿದ್ದ. ಗೆಳೆಯಾ, ಈ ಸಂಚಿಕೆ ನಿನ್ನ ಕೈಸೇರಿದರೆ ಆ ಫೋಟೋದ ಒಂದು ಪ್ರತಿಯನ್ನು ಸಂಪಾದಕರಿಗೆ ಕಳುಹಿಸು. ಮುಂದಿನ ವರ್ಷ ಅಚ್ಚು ಹಾಕಲಿ.