ಬಾಲದ ತುದಿ

ಜೆಸಿಬಿ ತಾಗಿ ಗಾಯವಾಗಿದ್ದ ಕೇರೆಹಾವಿಗೆ ಇವತ್ತು ಹೊಲಿಗೆ ಹಾಕಿದೆವು.

ಅರಿವಳಿಕೆ ಗ್ಯಾಸಿನ ಮಾಸ್ಕ್ ಹಿಡಿದರೆ ಹಾವು ಉಸಿರು ಬಿಗಿಹಿಡಿದು ಸುಮ್ನೆ ಇದ್ದುಬಿಡುತ್ತದೆ. ಅದಕ್ಕೇ ಮೊದಲು ಇಂಜೆಕ್ಷನ್, ಆಮೇಲೆ ಶ್ವಾಸನಾಳಕ್ಕೆ ಸಣ್ಣ ಟ್ಯೂಬ್, ಅದರಲ್ಲಿ ಐಸೋಫ್ಲುರೇನ್ ಅನ್ನುವ ಅರಿವಳಿಕೆ ಗ್ಯಾಸ್. ಬ್ಯಾಗ್ ಒತ್ತಿ ಉಸಿರಾಡಿಸುವ ಕೆಲಸ ನನ್ನದು. ಮೆಲ್ಲಗೆ ಒತ್ತು, ಬಿಡು. ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರದಲ್ಲಿ ಶ್ಶೂ... ಶ್ಶೂ...

"ಅಕ್ಕಾ, ಹಾವಿಗೂ ನೋವಿನ ಔಷಧಿ ಬೇಕಾ?" ಬಾಗಿಲಲ್ಲಿ ನಿಂತಿದ್ದ ಹುಡುಗ ಕೇಳಿದ.

ಬೇಕಪ್ಪಾ. ಕೂಗಲ್ಲ, ಕುಂಟಲ್ಲ, ಅಷ್ಟೇ. ಕೂಗದವರಿಗೆ ನೋವೇ ಇಲ್ಲ ಅಂದುಕೊಳ್ಳುವುದು ನಮಗೆ ಎಷ್ಟು ಸಲೀಸು, ಅಲ್ವಾ? (ಮನೆಯಲ್ಲಿ ಅಮ್ಮನ ಮಂಡಿನೋವು ನೆನಪಾಯಿತು.)

ಹಾವಿಗೆ ಅರಿವಳಿಕೆ ಏರುವುದು ತಲೆಯಿಂದ, ಇಳಿಯುವುದು ಬಾಲದಿಂದ. ಗ್ಯಾಸ್ ನಿಲ್ಲಿಸಿ, ಬೆಚ್ಚಗಿಟ್ಟು, ಮುಕ್ಕಾಲು ಗಂಟೆ ಬಾಲವನ್ನೇ ನೋಡುತ್ತಾ ಕೂತೆ.

ತುದಿ ಇಷ್ಟೇ ಇಷ್ಟು ಕೊಂಕಿತು.

ನಾಲಿಗೆ ಹೊರಗೆ ಬರುವಷ್ಟರಲ್ಲಿ ನನ್ನ ಟೀ ಆರಿಹೋಗಿತ್ತು.